ಹಳ್ಳ ದಾಟಿದ ಹೂಗಳು

ಸ್ಯಾಕ್ಲಿಂಗ್ ಗ್ರೀನ್, ಸಫೋಕ್
ಬುಧವಾರ, 6 ಏಪ್ರಿಲ್ 1994

ಪ್ರೀತಿಯ ತಮ್ಮ ಕ್ಲೆಮ್‌ಗೆ,

ನೀನೂ ಓಸ್ಲಾಳೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಮಂಡಿನೋವು ಹೇಗಿದೆ? ಫೆರಿಯ ಕೆಲಸ ಬಿಟ್ಟು ಮೂರು ತಿಂಗಳಾಯಿತಲ್ಲ, ಆ ಕಬ್ಬಿಣದ ಏಣಿ ಹತ್ತಿ ಇಳಿಯುವ ಕಾಟ ತಪ್ಪಿದ ಮೇಲಾದರೂ ಸ್ವಲ್ಪ ಇಳಿದಿರಬೇಕು. ಇಳಿದಿಲ್ಲವೆಂದರೆ ನೀನು ಮನೆಯಲ್ಲೂ ಕುಳಿತಲ್ಲಿ ಕುಳಿತಿಲ್ಲವೆಂದು ಅರ್ಥ, ಚಿಕ್ಕಂದಿನಿಂದಲೂ ನಿನ್ನದು ಅದೇ ಗೋಳು. ಓಸ್ಲಾಳ ಕೆಮ್ಮು ಹೋಯಿತೇ? ಅವಳು ಕಳಿಸಿದ ಉಣ್ಣೆಯ ಕಾಲುಚೀಲ ಹಾಕಿಕೊಂಡೇ ಇದನ್ನು ಬರೆಯುತ್ತಿದ್ದೇನೆ, ಈ ಏಪ್ರಿಲ್‌ನಲ್ಲೂ ನಮ್ಮ ಅಡುಗೆಮನೆಯ ನೆಲ ಹಾಗೇ ಕೊರೆಯುತ್ತದೆ ಎಂದು ಅವಳಿಗೆ ಹೇಳು. ನನಗೇನೂ ಆಗಿಲ್ಲ. ನಲವತ್ತು ವರ್ಷ ಮಚ್ಚು ಹಿಡಿದ ಬೆರಳು ಈಗ ಸೂಜಿ ಹಿಡಿಯುವುದಿಲ್ಲ, ಅಷ್ಟೇ. ಡಾಕ್ಟರು ಚಹಾಕ್ಕೆ ಸಕ್ಕರೆ ಬೇಡ ಅಂದರು, ನಾನು ಆ ಡಾಕ್ಟರ ಬಳಿ ಹೋಗುವುದನ್ನೇ ಬಿಟ್ಟೆ.

ನಿನ್ನ ಕಾಗದ ಬಂದು ಹನ್ನೊಂದು ದಿನವಾಯಿತು. ಇಪ್ಪತ್ತನಾಲ್ಕನೇ ತಾರೀಖಿನ ರೈಲಿಗೆ ಇಬ್ಬರೂ ಬರುತ್ತೀರಿ, ಮರವೇ ಇಲ್ಲದ ದ್ವೀಪದಲ್ಲಿ ಹುಟ್ಟಿದ ಹೆಂಡತಿಗೆ ಒಮ್ಮೆಯಾದರೂ ನಮ್ಮೂರಿನ ತಿಳಿಹಳದಿ ಆಕ್ಸ್‌ಲಿಪ್ ಹೂ ತೋರಿಸಬೇಕು ಎಂದು ಬರೆದಿದ್ದೀಯ. ಅದರ ಕೆಳಗೆ ಒಂದು ತಮಾಷೆಯನ್ನೂ ಮಾಡಿದ್ದೀಯ: "ಅಕ್ಕಾ, ನಾನು ಹುಡುಗ ಆಗಿದ್ದಾಗ ನಿನ್ನ ಕಡೆ ಕಾಡಲ್ಲಿ ಒಂದೇ ಒಂದು ಆಕ್ಸ್‌ಲಿಪ್ ಇರ್ಲಿಲ್ಲ. ಈಗ ನೋಡಿದ್ರೆ ಅದಕ್ಕೆ ಹೆಸರುವಾಸಿ ಅಂತೀಯ. ಹೂವಿಗೆ ಕಾಲ್ ಬಂದು ಹಳ್ಳ ದಾಟ್ಕೊಂಡ್ ಬಂದ್ವಾ ಹೆಂಗೆ?" ಬರೆಯುವಾಗ ನೀನು ನಕ್ಕಿರುತ್ತೀಯ, ಗೊತ್ತು. ನಾನು ಪಾತ್ರೆ ತೊಳೆಯುತ್ತ ಓದಿದವಳು ಅಲ್ಲೇ ಕುಳಿತುಬಿಟ್ಟೆ. ಹೂವಿಗೆ ಕಾಲು ಬರಲಿಲ್ಲ, ಕ್ಲೆಮ್. ನನ್ನ ತಳ್ಳುಗಾಡಿಯಲ್ಲಿ ಬಂದವು. ಹಳ್ಳದಾಚೆಯ ನಿನ್ನ ತೋಪಿನಿಂದ ಅಗೆದು ತಂದು ನನ್ನ ಕಾಡಿನಲ್ಲಿ ನೆಟ್ಟವಳು ನಾನು. ಹಾಗೆ ಮಾಡಿದ್ದರಿಂದಲೇ ನನ್ನ ಕಾಡು ಉಳಿಯಿತು, ನಿನ್ನ ತೋಪಿನ ಮೇಲೆ ರಸ್ತೆ ಹಾಯಿತು. ಐದು ವರ್ಷದಿಂದ ಇದನ್ನು ಬರೆಯಬೇಕೆಂದು ಕುಳಿತು ಪ್ರತಿಸಲವೂ ಹವಾಮಾನದ ಬಗ್ಗೆ ಬರೆದು ಕಳಿಸಿದ್ದೇನೆ. ನೀನು ಇಲ್ಲಿಗೆ ಬರುವ ಮೊದಲು ನನ್ನ ಕೈಯಿಂದಲೇ ನಿನಗೆ ತಿಳಿಯಬೇಕು.

ನೀನು ಹದಿನೆಂಟಕ್ಕೆ ನೌಕಾಪಡೆಯ ಕಡ್ಡಾಯ ಸೇವೆಗೆಂದು ಹೋದವನು, ಹಾಗೇ ಉತ್ತರದಲ್ಲಿ ನಿಂತುಬಿಟ್ಟೆ. ಎಷ್ಟು ನೆನಪಿದೆಯೋ ಏನೋ, ಅದಕ್ಕೇ ಮೊದಲಿನಿಂದ ಹೇಳುತ್ತೇನೆ, ಬೇಸರಪಡಬೇಡ. ಮನೆಯ ಹಿಂದಿನ ದೊಡ್ಡ ಕಾಡು ಕಾಡೇ ಅಲ್ಲ, ನಮ್ಮ ತಾತನ ಗೋಧಿ ಹೊಲ. ಮೂರು ವರ್ಷ ಸತತ ಮಳೆ ಹಿಡಿದು, ಮೇಲಿಂದ ಹಡಗಿನಲ್ಲಿ ಹೊರಗಿನ ಅಗ್ಗದ ಗೋಧಿ ಬಂದು ಇಳಿದಾಗ ತಾತ ನೇಗಿಲನ್ನು ಕೊಟ್ಟಿಗೆಯಲ್ಲಿ ನಿಲ್ಲಿಸಿ ಹೊಲಕ್ಕೆ ಬೆನ್ನು ತಿರುಗಿಸಿದ. ಮೊದಲು ಮುಳ್ಳುಪೊದೆ ಬಂತು, ಮುಳ್ಳಿನ ಮರೆಯಲ್ಲಿ ಆಶ್ ಮರದ ಸಸಿ, ಹಕ್ಕಿಗಳು ಹೂತಿಟ್ಟು ಮರೆತ ಓಕ್ ಬೀಜ. ಅಪ್ಪ ದೊಡ್ಡವನಾದ ಮೇಲೆ ತಟ್ಟಿ ಹೆಣೆಯುವ ಕೋಲಿಗೆಂದು ಸಾಲಾಗಿ ಹೇಜಲ್ ಗಿಡ ನೆಟ್ಟ. "ಇದು ಕಾಡಲ್ಲ ಮಗಾ, ನಿಮ್ ತಾತನ ಸೋಮಾರಿತನ, ಎತ್ರ ಬೆಳೆದದೆ ಅಷ್ಟೇ" ಅನ್ನುತ್ತಿದ್ದ. ಮರದ ಬುಡದಲ್ಲಿ ಈಗಲೂ ಉತ್ತ ಗೆರೆಗಳ ಏರುತಗ್ಗು ಕಾಲಿಗೆ ಸಿಗುತ್ತದೆ. ಅಲ್ಲಿ ಬೆಳೆಯುತ್ತಿದ್ದದ್ದು ತುರಿಕೆಗಿಡ, ಐವಿ ಬಳ್ಳಿ, ಬರೀ ಅಂಥವು.

ಹಳ್ಳದಾಚೆಯ ನಾಲ್ಕು ಎಕರೆ ಸನ್ಯಾಸಿ ತೋಪಿನ ಮಾತೇ ಬೇರೆ. ಅದನ್ನು ನೇಗಿಲು ಎಂದೂ ಮುಟ್ಟಿಲ್ಲ. ಮಠದ ಸನ್ಯಾಸಿಗಳು ಅದರ ಸುತ್ತ ದನ ಬರದಂತೆ ಹಾಕಿಸಿದ ಮಣ್ಣಿನ ದಿಬ್ಬ, ದಿಬ್ಬದ ಹೊರಗೆ ಕಾಲುವೆ, ಎಲ್ಲ ಹಾಗೇ ಇತ್ತು. ಏಳೆಂಟು ವರ್ಷಕ್ಕೊಮ್ಮೆ ಮರಗಳನ್ನು ಬುಡಕ್ಕೆ ಕಡಿಯುವುದು, ಚಿಗುರಿದ ಹೊಸ ಕೋಲುಗಳನ್ನು ಮತ್ತೆ ಕಡಿಯುವುದು. ಸನ್ಯಾಸಿಗಳು ಮಾಡಿದ್ದನ್ನೇ ಅಪ್ಪ ಮಾಡಿದ, ಅಪ್ಪ ಮಾಡಿದ್ದನ್ನೇ ನಾನು ಮಾಡಿದೆ. ಕಡಿದಷ್ಟೂ ಬುಡ ಸಾಯದೆ ಅಗಲವಾಗುತ್ತ ಹೋಗಿ, ಆ ಒಂದು ಆಶ್ ಮರದ ಬುಡ ನಡುವೆ ಟೊಳ್ಳಾಗಿ ಉಂಗುರದಂತೆ ನಿಂತಿತ್ತು, ನೀನು ಶಾಲೆ ತಪ್ಪಿಸಿ ಅದರೊಳಗೆ ಮಲಗುತ್ತಿದ್ದೆಯಲ್ಲ, ಅದೇ. ಕಡಿದ ಮರುವರ್ಷ ಬಿಸಿಲು ನೆಲಕ್ಕೆ ಬಿದ್ದಾಗ ಆಕ್ಸ್‌ಲಿಪ್ ಕಾಲಿಡಲು ಜಾಗವಿಲ್ಲದಂತೆ ಎದ್ದು ಬರುತ್ತಿತ್ತು. ಬಿಳಿಯ ಅನಿಮೋನೆ, ಬ್ಲೂಬೆಲ್, ನಾಲ್ಕೇ ಎಲೆಯ ನಡುವೆ ಒಂದೇ ಕರಿಯ ಹಣ್ಣು ಬಿಡುವ ಆ ಗಿಡ, ನಾವು ಅದನ್ನು ನಾಲ್ಕೆಲೆ ಎನ್ನುತ್ತಿದ್ದೆವು. ಮೇ ತಿಂಗಳಲ್ಲಿ ನೈಟಿಂಗೇಲ್ ಹಕ್ಕಿ ಬರುತ್ತಿದ್ದದ್ದೂ ಅಲ್ಲಿಗೇ, ನನ್ನ ಕಾಡಿಗಲ್ಲ.

ಅಪ್ಪ ಸಾಯುವ ಮುಂಚೆ ನನ್ನನ್ನು ಕರೆದು ಹೇಳಿದ ಮಾತು ನಿನಗೆ ಬರೆದಿದ್ದೆ. "ಮನೆ, ದೊಡ್ಡ ಕಾಡು ನಿಂಗೆ ಕಣವ್ವ ಥರ್ಜಾ. ಹಳೇ ತೋಪು ಹುಡುಗನ್ದು. ಬರ್ತಾನೆ ಅವ್ನು ಒಂದಿನ." ಕಾಗದದಲ್ಲಿ ಎರಡೂ ನನ್ನ ಹೆಸರಿಗೇ ಇತ್ತು, ಬಾಯಿಮಾತಿನಲ್ಲಿ ತೋಪು ನಿನ್ನದು. ನಾನೂ ಒಪ್ಪಿಕೊಂಡೆ. ನೀನು ಊರು ಬಿಟ್ಟ ವರ್ಷದಿಂದ ಅಪ್ಪನ ಜೊತೆ ಕುರಿತಟ್ಟಿ ಹೆಣೆದವಳು ನಾನು, ಹೆಂಗಸು ಹೆಣೆದ ತಟ್ಟಿ ಕುರಿ ಒದ್ದರೆ ಬೀಳುತ್ತದೆಂದು ಸಂತೆಯಲ್ಲಿ ನಕ್ಕವರಿಗೇ ಆಮೇಲೆ ಮಾರಿದವಳು. ಅಪ್ಪ ಹೋದ ಮೇಲೆ ನಿನ್ನ ತೋಪನ್ನೂ ಸರತಿ ತಪ್ಪದೆ ನಾನೇ ಕಡಿದು ನೋಡಿಕೊಂಡೆ, ಹುಡುಗ ಬಂದಾಗ ಕೆಟ್ಟಿರಬಾರದು ಎಂದು. ಹುಡುಗ ಪ್ರತಿ ಕ್ರಿಸ್ಮಸ್‌ಗೆ ಹಡಗಿನ ಚಿತ್ರವಿರುವ ಕಾರ್ಡ್ ಕಳಿಸುತ್ತಿದ್ದ. ಬೈಯುತ್ತಿಲ್ಲ, ಇದ್ದದ್ದನ್ನು ಹೇಳಿದೆ.

ಎಂಬತ್ತೊಂಬತ್ತರ ಜನವರಿಯಲ್ಲಿ ರಸ್ತೆ ಕಛೇರಿಯವನೊಬ್ಬ ಬಂದ. ಊರಿನ ನಡುವೆ ಲಾರಿಗಳು ಹಾದು ಚರ್ಚಿನ ಗೋಡೆ ಬಿರುಕು ಬಿಟ್ಟಿದೆ, ಊರ ಹೊರಗೆ ಹೊಸ ರಸ್ತೆ ಬರುತ್ತದೆ, ಅದು ನಿಮ್ಮ ದೊಡ್ಡ ಕಾಡಿನ ನಡುವೆ ಬಂದು ನಿಮ್ಮ ಮನೆಯ ಹಿತ್ತಿಲನ್ನು ಮುಟ್ಟುತ್ತದೆ ಎಂದ. ಒಳ್ಳೆಯ ಹುಡುಗನೇ, ಬೂಟು ಬಿಚ್ಚಿಟ್ಟು ಒಳಗೆ ಬಂದು ಚಹಾ ಕುಡಿದ. ಅವನು ಹೋದ ಮೇಲೆ ನಾನು ಕೊಟ್ಟಿಗೆಗೆ ಹೋಗಿ ತಟ್ಟಿ ಹೆಣೆಯಲು ಕುಳಿತೆ, ಸಂಜೆಯವರೆಗೆ ಒಂದು ಸಾಲೂ ಮುಗಿಯಲಿಲ್ಲ. ಆ ಕಾಡಿನ ಒಂದೊಂದು ಬುಡಕ್ಕೂ ನನ್ನ ಮಚ್ಚಿನ ಗುರುತಿದೆ. ಮದುವೆಯಾಗಲಿಲ್ಲ, ಮಕ್ಕಳಿಲ್ಲ, ನನಗೆ ಇದ್ದದ್ದು ಅದೇ. ತಾತನ ಸೋಮಾರಿತನವೋ ಏನೋ, ನನ್ನ ಪಾಲಿಗೆ ಅದೇ ಕಾಡು.

ಅದೇ ತಿಂಗಳು ಊರಿನ ಹೆಂಗಸರ ಸಂಘಕ್ಕೆ ಮಿಸ್ ಫೆನ್‌ವಿಕ್ ಎಂಬ ಸಸ್ಯಗಳ ಪಂಡಿತೆ ಬಂದು ಮಾತಾಡಿದಳು. ಮೂವತ್ತೂ ದಾಟಿಲ್ಲ, ಕೂದಲನ್ನು ಪೆನ್ಸಿಲ್ಲಿನಿಂದ ಗಂಟು ಹಾಕಿಕೊಳ್ಳುವವಳು. ಜಿಲ್ಲೆಯ ಕಾಡುಗಳ ವಯಸ್ಸನ್ನು ಗುರುತಿಸಿ ರಸ್ತೆ ಕಛೇರಿಗೆ ವರದಿ ಕೊಡುವುದು ಅವಳ ಕೆಲಸ. ಕಾಡಿನ ವಯಸ್ಸು ಮರ ಹೇಳುವುದಿಲ್ಲ, ನೆಲದ ಹೂ ಹೇಳುತ್ತದೆ ಎಂದು ವಿವರಿಸಿದಳು. "ಈ ಅನಿಮೋನೆ ಇದ್ಯಲ್ಲ, ನೂರು ವರ್ಷಕ್ಕೆ ಆರಡಿ ಸರಿದ್ರೆ ಹೆಚ್ಚು. ಹೊಸ ಕಾಡಿಗೆ ತಾನಾಗಿ ಬರೋದೇ ಇಲ್ಲ. ನನ್ನ ಪಟ್ಟೀಲಿರೋ ಗಿಡಗಳಲ್ಲಿ ಹನ್ನೆರಡು ಸಿಕ್ಕಿದ್ವು ಅಂದ್ರೆ ಆ ಕಾಡು ನಾನೂರು ವರ್ಷಕ್ಕಿಂತ ಹಳೇದು. ಅಂಥದನ್ನ ರಸ್ತೆಯೋರು ಮುಟ್ಟೋ ಹಂಗಿಲ್ಲ, ನಾನು ಬಿಡಲ್ಲ." ಎಲ್ಲರಿಗೂ ಪಟ್ಟಿಯ ಒಂದೊಂದು ಹಾಳೆ ಹಂಚಿದಳು. ಅಂಚೆ ಅಂಗಡಿಯ ಮೇಬಲ್ ಪಾಸ್ಕ್ ಅದರಲ್ಲಿ ಬಿಸ್ಕತ್ತು ಸುತ್ತಿಕೊಂಡು ಮನೆಗೆ ಹೋದಳು. ನಾನು ಮಡಚಿ ಎದೆಯೊಳಗೆ ಇಟ್ಟುಕೊಂಡೆ. ನನ್ನ ಕಾಡಿನಲ್ಲಿ ಅದರಲ್ಲಿನ ನಾಲ್ಕು ಇದ್ದವು. ನಿನ್ನ ತೋಪಿನಲ್ಲಿ ಇಪ್ಪತ್ತು.

ಉಳಿದ ಗಿಡಗಳನ್ನು ಬೇರೆಲ್ಲಿಂದ ತರಲಿ, ನೀನೇ ಹೇಳು. ಹತ್ತಿರ ಇದ್ದದ್ದು ನಿನ್ನದೇ. ರಸ್ತೆಗೆ ಎರಡನೆಯ ದಾರಿಯನ್ನೂ ಯೋಚಿಸಿದ್ದಾರೆಂದು ಆಗ ನನಗೆ ತಿಳಿದಿರಲಿಲ್ಲ. ನಿನ್ನ ತೋಪಿಗೆ ಏನೂ ಅಪಾಯವಿಲ್ಲ, ಅಲ್ಲಿ ಹೂ ಲೆಕ್ಕವಿಲ್ಲದಷ್ಟಿದೆ, ಎರಡು ವರ್ಷದಲ್ಲಿ ತುಂಬಿಕೊಳ್ಳುತ್ತದೆ ಎಂದುಕೊಂಡೆ. ಫೆಬ್ರವರಿ ಕೊನೆಯಿಂದ ಮಾರ್ಚ್ ಮುಗಿಯುವವರೆಗೆ ದಿನಾ ಹೋದೆ. ಎಲೆ ಇನ್ನೂ ನೆಲಕ್ಕೆ ಅಂಟಿಕೊಂಡಿರುವಾಗಲೇ ಅಗೆಯಬೇಕು, ಬೇರಿಗೆ ಗೊತ್ತಾಗಬಾರದು. ಗುದ್ದಲಿಯಿಂದ ಸುತ್ತ ಕತ್ತರಿಸಿ ಮಣ್ಣಿನ ಹೆಂಟೆ ಸಮೇತ ಎತ್ತಿ, ಗಾಡಿಯಲ್ಲಿ ಜೋಡಿಸಿ, ಮೇಲೆ ಹೇಜಲ್ ಕಡ್ಡಿಯ ಕಟ್ಟು ಹೇರಿಕೊಂಡು ಹಳ್ಳದ ಹಲಗೆ ದಾಟಿ ಬರುತ್ತಿದ್ದೆ. ಕದ್ದುಮುಚ್ಚಿಯಲ್ಲ, ನಡುಹಗಲಲ್ಲಿ. ಒಂದು ದಿನ ಹಲಗೆಯ ಮೇಲೆಯೇ ಮೇಬಲ್ ಎದುರಾದಳು. "ಏನೇ ಥರ್ಜಾ, ಗಾಡಿ ಇಷ್ಟೊಂದು ಜಗ್ತೈತೆ, ಕಡ್ಡಿನೋ ಕಲ್ಲೋ?" ಅಂದಳು. "ಬಟಾಣಿ ಬಳ್ಳಿಗೆ ಕಣೆ, ಈ ಸಲ ಜಾಸ್ತಿ ಹಾಕ್ತಿದೀನಿ" ಅಂದೆ. ಆ ವರ್ಷ ಸುಳ್ಳನ್ನು ನಿಜ ಮಾಡುವುದಕ್ಕೆಂದು ಹಿತ್ತಿಲ ತುಂಬ ಬಟಾಣಿ ಹಾಕಿ ಸೆಪ್ಟೆಂಬರ್‌ವರೆಗೆ ಅದನ್ನೇ ತಿಂದೆ.

ನೆಡುವ ಕೆಲಸವನ್ನು ಚೆನ್ನಾಗಿ ಮಾಡಿದೆ, ಅದೂ ನನಗೆ ನಾಚಿಕೆಯ ವಿಷಯವೇ. ಯಾವ ಗಿಡಕ್ಕೆ ಎಷ್ಟು ತೇವ ಬೇಕು, ಯಾವುದು ಯಾವುದರ ಪಕ್ಕ ಇರುತ್ತದೆ, ಅಷ್ಟು ವರ್ಷ ನಿನ್ನ ತೋಪಿನಲ್ಲಿ ಬಗ್ಗಿ ಕೆಲಸ ಮಾಡಿದವಳಿಗೆ ಗೊತ್ತಿರದೇ ಇರುತ್ತದೆಯೇ? ಸಾಲು ಬರದಂತೆ ಕೈಗೆ ಬಂದಲ್ಲಿ ನೆಟ್ಟು, ಒಣಗಿದ ಎಲೆ ಹರಡಿ, ಕಾಲಿನ ಗುರುತು ಕೋಲಿನಿಂದ ಕೆದರಿ ಅಳಿಸಿದೆ. ನಾಲ್ಕೆಲೆಯನ್ನು ಹಳ್ಳದ ಅಂಚಿನ ನೆರಳಿಗೆ ಇಟ್ಟೆ. ಕಡೆಯ ದಿನ ನಿನ್ನ ತೋಪಿನಲ್ಲಿ ನಿಂತು ನೋಡಿದರೆ ನೆಲವೆಲ್ಲ ಗುಂಡಿ ಗುಂಡಿ. ಆಗಲಾದರೂ ನಿಲ್ಲಿಸಬೇಕಿತ್ತು. ಒಂದು ಗಾಡಿ ತುಂಬಿಸಿ ಆಗಿತ್ತು, ಅದನ್ನೂ ತಳ್ಳಿಕೊಂಡು ಬಂದೆ.

ಏಪ್ರಿಲ್ ಕೊನೆಗೆ ಮಿಸ್ ಫೆನ್‌ವಿಕ್ ಬಂದಳು. ಭೂತಗನ್ನಡಿ ಹಿಡಿದು ಮೊಣಕಾಲೂರಿ ಇಡೀ ಕಾಡನ್ನು ತೆವಳಿಯೇ ನೋಡಿದಳು. ಒಂದೊಂದು ಗಿಡ ಸಿಕ್ಕಾಗಲೂ ಪಟ್ಟಿಯಲ್ಲಿ ಗುರುತು ಹಾಕಿ ನನ್ನ ಕಡೆ ತಿರುಗಿ ನಗುತ್ತಿದ್ದಳು. ನಡುವೆ ಉತ್ತ ಗೆರೆಗೆ ಕಾಲು ತಾಗಿ ಮುಗ್ಗರಿಸಿದಳು. "ಇದೇನ್ ಮಿಸ್ ಥರ್ಜಾ, ನೆಲ ಹಿಂಗೆ ಏರುತಗ್ಗು?" ಎಂದು ಕೇಳಿದಳು. "ತಾತ ನೀರು ಬಸಿಯೋಕೆ ಅಂತ ತೋಡ್ಸಿದ್ದು ಕಣಮ್ಮ, ಜೇಡಿಮಣ್ಣಲ್ವಾ" ಅಂದೆ. ಜೇಡಿಮಣ್ಣಿನ ಕಾಡುಗಳಲ್ಲಿ ಹಾಗೆ ತೋಡಿಸುವುದು ಉಂಟು, ಅವಳು ತಲೆಯಾಡಿಸಿ ಬರೆದುಕೊಂಡಳು. ನಾಲ್ಕೆಲೆ ಕಂಡಾಗಲಂತೂ ಎದ್ದು ಬಂದು ಮಣ್ಣುಗೈಯಲ್ಲೇ ನನ್ನನ್ನು ಅಪ್ಪಿಕೊಂಡಳು. ಹದಿಮೂರು ಸಿಕ್ಕಿದ್ದವು. "ನಿಮ್ ಕಾಡು ಉಳೀತು!" ಎಂದು ಕೂಗಿ ಕಣ್ಣೊರೆಸಿಕೊಂಡಳು. ನಾನೂ ಅತ್ತೆ, ಕ್ಲೆಮ್. ಯಾವುದಕ್ಕೆ ಎಂದು ನನಗೇ ತಿಳಿಯಲಿಲ್ಲ.

ರಸ್ತೆಗೆ ಇನ್ನೊಂದು ದಾರಿಯೂ ಇದೆ, ಅದು ಹಳ್ಳದಾಚೆ ನಿನ್ನ ತೋಪಿನ ಮೇಲೆ ಹೋಗುತ್ತದೆ ಎನ್ನುವ ಸುದ್ದಿ ಆ ವಾರವೇ ಮೇಬಲಳ ಅಂಗಡಿಯಲ್ಲಿ ಹರಡಿತು. ಮಿಸ್ ಫೆನ್‌ವಿಕ್ ಅಲ್ಲಿಗೂ ಹೋದಳು. ನಾನು ಜೊತೆಗೆ ಹೋಗಲಿಲ್ಲ, ತಲೆನೋವೆಂದೆ. ಅವಳು ಸಂಜೆ ಬಂದು ಅಡುಗೆಮನೆಯಲ್ಲಿ ಕುಳಿತಾಗ ಮುಖ ಬಾಡಿತ್ತು. "ಯಾರೋ ಹಂದಿ ಬಿಟ್ಟು ಮೇಯ್ಸಿದಾರೆ ಅನ್ಸುತ್ತೆ, ನೆಲ ಎಲ್ಲ ಕಿತ್ತು ಹಾಕಿದೆ. ದಿಬ್ಬ ನೋಡಿದ್ರೆ ಹಳೇದೇ ಇರ್ಬೇಕು, ಆ ಮರದ ಬುಡ ನೋಡಿದ್ರಂತೂ... ಆದ್ರೆ ಏಳೇ ಗಿಡ ಸಿಕ್ಕಿದ್ದು. ಆಫೀಸಿನೋರಿಗೆ ಅಂಕಿ ಬೇಕು, ನಾನೇನ್ ಮಾಡ್ಲಿ?" ಅಂದಳು. ಅವಳ ಮುಂದೆ ಸೇಬಿನ ಕಡುಬು ಇಟ್ಟೆ. ನಾನು ಅಗೆದೆ ಎನ್ನುವ ಒಂದು ಮಾತು ಆ ಕ್ಷಣ ನಾಲಿಗೆಯ ತುದಿಯಲ್ಲಿತ್ತು. ಕೆನೆ ಹಾಕಲೇ ಎಂದು ಕೇಳಿದೆ.

ಜೂನ್‌ನಲ್ಲಿ ಊರ ಸಭೆ ಆಯಿತು. ಹದಿಮೂರಕ್ಕೆ ಏಳು, ಎದುರು ಮಾತೇ ಇರಲಿಲ್ಲ. ಅಧ್ಯಕ್ಷರು ಎರಡೂ ಜಾಗದ ಒಡತಿಯೆಂದು ನನ್ನನ್ನೇ ಕೇಳಿದರು, "ಮಿಸ್ ಥರ್ಜಾ, ನೀವೇನಾದ್ರೂ ಹೇಳೋದಿದ್ಯಾ?" ಎಂದು. ಎದ್ದು ನಿಂತೆ. ಎಲ್ಲರೂ ನನ್ನ ಕಡೆ ತಿರುಗಿದರು. ನಲವತ್ತು ಜನ, ಎಲ್ಲರೂ ಅಪ್ಪನನ್ನು ಬಲ್ಲವರು, ನಿನ್ನ ಜೊತೆ ಶಾಲೆಗೆ ಹೋದವರೂ ಇದ್ದರು. "ಏನಿಲ್ಲ" ಎಂದು ಕುಳಿತೆ. ಆಮೇಲೆ ಒಬ್ಬೊಬ್ಬರೇ ಬಂದು ನನ್ನ ಬೆನ್ನು ತಟ್ಟಿದರು, ತಮ್ಮನ ತೋಪು ಹೋಗುತ್ತಿರುವ ದುಃಖಕ್ಕೆ ಹಾಗೆ ಕುಳಿತೆನೆಂದುಕೊಂಡರು.

ತೊಂಬತ್ತೊಂದರ ಜನವರಿಯಲ್ಲಿ ಗರಗಸದ ಯಂತ್ರ ಬಂತು. ನಾಲ್ಕು ಎಕರೆ, ನಾಲ್ಕು ದಿನ. ಆ ಆಶ್ ಬುಡ ಮಾತ್ರ ಗರಗಸಕ್ಕೆ ಬಗ್ಗಲಿಲ್ಲ, ಅಗೆಯುವ ಯಂತ್ರದ ಬಕೆಟ್ಟಿನಿಂದ ಒಂದೊಂದೇ ಕಡೆ ಕಿತ್ತು ತೆಗೆದರು, ಅದಕ್ಕೇ ಒಂದು ಇಡೀ ದಿನ ಹಿಡಿಯಿತು. ಸನ್ಯಾಸಿಗಳ ದಿಬ್ಬದ ಮಣ್ಣು ಲಾರಿಯಲ್ಲಿ ಹೋಗಿ ಎಲ್ಲೋ ಹಳ್ಳ ತುಂಬಿತಂತೆ. ರಸ್ತೆ ಕಛೇರಿಯವರು ಕೊಟ್ಟ ಪರಿಹಾರ ನಿನ್ನ ಹೆಸರಿನಲ್ಲಿ ಬ್ಯಾಂಕಿನಲ್ಲಿದೆ, ನೀನು ಬೇಡವೆಂದು ಬರೆದೆ. ಆ ಕಾಗದ ನನ್ನ ಬಳಿ ಇದೆ. "ಹೋಗ್ಲಿ ಬಿಡಕ್ಕಾ, ಅಳ್ಬೇಡ. ಎರಡ್ರಲ್ಲಿ ಹಳೇದು ಉಳ್ಕೋಬೇಕು, ಅದು ನಿಂದು ಅಂತ ಆ ಹೂವಿನ ಮೇಡಮ್ಮೇ ಹೇಳಿದ್ರಲ್ಲ. ಅಪ್ಪಂಗೆ ಏನ್ ಗೊತ್ತಿತ್ತು ಪಾಪ." ಹೀಗೆ ಬರೆದಿದ್ದೆ ನೀನು. ಬೈದು ಬರೆದಿದ್ದರೆ ತಡೆದುಕೊಳ್ಳುತ್ತಿದ್ದೆ. ನೀನು ನನ್ನನ್ನೇ ಸಮಾಧಾನ ಮಾಡಿದೆ, ನಾನು ಸಮಾಧಾನ ಮಾಡಿಸಿಕೊಂಡೆ.

ಈಗ ನನ್ನ ಕಾಡಿನ ಗೇಟಿಗೆ ಒಂದು ಹಲಗೆ ಹಾಕಿದ್ದಾರೆ, ಪುರಾತನ ಕಾಡು ಎಂದು. ವರ್ಷಕ್ಕೆರಡು ಸಲ ಶಾಲೆಯ ಮಕ್ಕಳನ್ನು ಕರೆತಂದು ನನ್ನಿಂದ ಇತಿಹಾಸ ಹೇಳಿಸುತ್ತಾರೆ. ನಾನು ಸನ್ಯಾಸಿಗಳ ಕತೆ ಹೇಳುತ್ತೇನೆ, ಅವರು ಇಲ್ಲೇ ಓಡಾಡಿದರೆಂದು ಕೈ ಬೀಸಿ ತೋರಿಸುತ್ತೇನೆ, ಮಕ್ಕಳು ತಾತನ ಗೋಧಿ ಹೊಲದ ಗೆರೆಗಳ ಮೇಲೆ ಕುಣಿಯುತ್ತವೆ. ಹೋದ ಅಕ್ಟೋಬರ್‌ನಲ್ಲಿ ಒಬ್ಬಳು ಪುಟ್ಟ ಹುಡುಗಿ, "ಅಜ್ಜೀ, ಸನ್ಯಾಸಿಗಳೂ ಉಳ್ತಿದ್ರಾ?" ಎಂದು ಕೇಳಿದಳು. ಅವಳ ಟೀಚರಿಗೂ ಹೊಳೆಯದ್ದು, ಮಿಸ್ ಫೆನ್‌ವಿಕ್‌ಗೂ ಹೊಳೆಯದ್ದು. ಮಳೆ ಬರುವ ಹಾಗಿದೆ ನಡೀರಿ ನಡೀರಿ ಎಂದು ಎಲ್ಲರನ್ನೂ ಹೊರಡಿಸಿದೆ.

ನೆಟ್ಟವುಗಳಲ್ಲಿ ಅರ್ಧಕ್ಕರ್ಧ ಸತ್ತವು. ತಾತ ಹೊಲಕ್ಕೆ ಹಾಕಿದ ಗೊಬ್ಬರದ ಕಸುವು ಇನ್ನೂ ನೆಲದಲ್ಲಿದೆ, ತುರಿಕೆಗಿಡ ಎದ್ದು ಅವುಗಳ ಮೇಲೆ ಮಲಗಿಬಿಡುತ್ತದೆ. ಬೇಸಿಗೆಯೆಲ್ಲ ನಾನು ಅದನ್ನು ಕಿತ್ತು ಹಾಕುತ್ತಿರುತ್ತೇನೆ, ಕೈಯೆಲ್ಲ ಬೊಕ್ಕೆ. ಉಳಿದ ಆಕ್ಸ್‌ಲಿಪ್ ಈ ವಾರ ಹೂ ಬಿಟ್ಟಿದೆ. ಬೇರೆಯವರ ಕಣ್ಣಿಗೆ ಚೆಂದವಾಗೇ ಕಾಣುತ್ತದೆ. ನೀನು ಹತ್ತು ಹೆಜ್ಜೆ ಒಳಗೆ ಬಂದರೆ ಸಾಕು, ನಿನಗೆ ತಿಳಿಯುತ್ತದೆ. ಓಸ್ಲಾಳ ಕೈ ಹಿಡಿದುಕೊಂಡು ಖುಷಿಯಾಗಿ ಬಂದವನು ಅಲ್ಲಿ ನಿಂತು ನನ್ನ ಮುಖ ನೋಡುವುದನ್ನು ಯೋಚಿಸಿದರೆ ನನಗೆ ಊಟ ಇಳಿಯುವುದಿಲ್ಲ. ಕ್ಷಮಿಸು ಎಂದು ಬರೆಯುವುದಕ್ಕೂ ಮುಖವಿಲ್ಲ. ಆದರೂ ಬಾ ಎನ್ನುತ್ತೇನೆ. ನನಗೆ ಅರವತ್ತನಾಲ್ಕು, ಈ ಲೋಕದಲ್ಲಿ ನನ್ನನ್ನು ಅಕ್ಕ ಎನ್ನುವವನು ನೀನೊಬ್ಬನೇ.

ಮಿಸ್ ಫೆನ್‌ವಿಕ್‌ಗೂ ಬರೆಯುತ್ತೇನೆ, ನಿನ್ನ ಉತ್ತರ ಬಂದ ಮೇಲೆ. ಅವಳ ಹೆಸರು ಆ ವರದಿಯಲ್ಲಿದೆ, ಪಾಪದ ಹುಡುಗಿ, ಅವಳಿಗೂ ನಾನು ಮೋಸ ಮಾಡಿದೆ. ಹಲಗೆ ಕಿತ್ತುಕೊಂಡು ಹೋದರೆ ಹೋಗಲಿ.

ಓಸ್ಲಾಳಿಗೆ ನನ್ನ ಪ್ರೀತಿ ಹೇಳು, ಇದನ್ನು ಅವಳಿಗೆ ಓದಿ ಹೇಳುವುದೂ ಬಿಡುವುದೂ ನಿನಗೆ ಬಿಟ್ಟದ್ದು. ಮಂಡಿಗೆ ಬಿಸಿನೀರಿನ ಚೀಲ ಇಡುವುದನ್ನು ಮರೆಯಬೇಡ. ದೇವರು ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ಥರ್ಜಾ

ಮರೆತದ್ದು: ಮೇಬಲ್ ಅಂಚೆಯ ಚೀಲ ಕಟ್ಟಲು ಇನ್ನು ಕಾಲು ಗಂಟೆಯಿದೆ, ಕೋಟು ಹಾಕಿಕೊಂಡು ನಿಂತೇ ಬರೆಯುತ್ತಿದ್ದೇನೆ. ಲಕೋಟೆ ಅಂಟಿಸುವ ಮುಂಚೆ ಮೇಲಿನದೆಲ್ಲ ಓದಿ ನೋಡಿದೆ. ಅದರಲ್ಲಿ ಒಂದು ಮಾತು ಸುಳ್ಳು. ಎರಡನೆಯ ದಾರಿ ಇದೆಯೆಂದು ನನಗೆ ಗೊತ್ತಿತ್ತು. ಆ ಜನವರಿಯಲ್ಲಿ ರಸ್ತೆ ಕಛೇರಿಯ ಹುಡುಗ ನಕ್ಷೆಯನ್ನು ಇದೇ ಮೇಜಿನ ಮೇಲೆ ಹರಡಿದ್ದ, ಎರಡೂ ಗೆರೆ ಅದರಲ್ಲಿದ್ದವು, ಎರಡರಲ್ಲಿ ಒಂದು ಹೋಗಲೇಬೇಕು ಎಂದೂ ಹೇಳಿದ. ಗಿಡ ಬೇಕಿದ್ದರೆ ಹಳ್ಳದ ಮೇಲ್ಗಡೆಯ ಚರ್ಚಿನ ಕಾಡಿನಲ್ಲೂ ಇದ್ದವು, ಒಂದು ಮೈಲಿ ಅಷ್ಟೇ. ನಿನ್ನ ತೋಪಿನಲ್ಲಿ ಅವು ಉಳಿಯಬಾರದೆಂದೇ ಅಲ್ಲಿ ಅಗೆದೆ. ಇಲ್ಲೇ ಇದ್ದು ದುಡಿದವಳು ನಾನು, ಅಪ್ಪ ಹಳೆಯದನ್ನು ನಿನಗೆ ಕೊಟ್ಟ, ಅದನ್ನು ನಾನು ಒಂದು ದಿನವೂ ಒಪ್ಪಿಕೊಂಡಿರಲಿಲ್ಲ. ಇಪ್ಪತ್ತನಾಲ್ಕಕ್ಕೆ ನಾನು ಸ್ಟೇಷನ್ನಿಗೆ ಬರುವುದಿಲ್ಲ, ಬಾರದವನಿಗಾಗಿ ಕಾದು ನಿಲ್ಲುವ ಧೈರ್ಯ ನನಗಿಲ್ಲ. ಬಂದರೆ ನೀನೇ ಬಾಗಿಲು ತಟ್ಟು.